ಒಲೆ ದೊಡ್ಡದು ಮಾಡು

ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು, ಕೂರಲು ಹೇಳಿದರೂ ಕೂರಲಿಲ್ಲ. ಕೈಯಲ್ಲಿ ಮಡಿಸಿದ ಕಾಗದವಿತ್ತು. ರೈಟರ್ ಅದನ್ನು ಬಿಡಿಸಿ ಓದಿದ. ಹಿಂದಿನ ದಿನ ಮೇಣದಬತ್ತಿ ಕಾರ್ಖಾನೆಯ ಬೆಂಕಿಯಲ್ಲಿ ಸತ್ತದ್ದು ಅವಳ ತಾಯಿ. ಆ ಬೆಂಕಿ ತಾನಾಗಿ ಬಿದ್ದದ್ದಲ್ಲ, ಬೇಕೆಂದೇ ಹಚ್ಚಿದ್ದು. ಹಚ್ಚಿದವಳು ಅವಳ ಅಣ್ಣನ ಹೆಂಡತಿ.

ಮಂಗಳವಾರ ಸಂಜೆಯೇ ಠಾಣೆಯಲ್ಲಿ ಆಕಸ್ಮಿಕ ಸಾವೆಂದು ಬರೆದುಕೊಂಡಾಗಿತ್ತು. ರೈಟರ್ ಕಾಗದವನ್ನು ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತ.

"ಹಚ್ಚಿದ್ದನ್ನ ನೀವು ನೋಡಿದ್ರಾ?" ಇನ್‌ಸ್ಪೆಕ್ಟರು ಕೇಳಿದರು.

"ಇಲ್ಲ. ಮೇಸ್ತ್ರಿ ಹೇಳಿದ್ರು, ಆಸ್ಪತ್ರೆ ಬಾಗಿಲಲ್ಲಿ. ಉರಿ ಜಾಸ್ತಿ ಮಾಡಿದ್ದು ಅವಳೇ ಅಂತ. ಅವಳನ್ನೇ ಕೇಳಿ, ಅವಳೂ ಇಲ್ಲ ಅನ್ನಲ್ಲ."

"ನಿಮ್ಮತ್ತಿಗೆಗೂ ಅಮ್ಮನಿಗೂ ಆಗ್ತಿರಲಿಲ್ವಾ?"

"ಆಗೋದು ಬಿಡೋದು ಬೇರೆ ಸಾರ್. ಅಮ್ಮಂದು ನಾಲಿಗೆ ಜೋರು. ಅಂದು ಮರೆತುಬಿಡೋಳು. ಇವಳು ಒಂದು ಮಾತೂ ಆಡಲ್ಲ, ಎಲ್ಲ ಒಳಗೇ ಇಟ್ಕೋತಾಳೆ. ಮದುವೆಯಾಗಿ ಮೂರು ತಿಂಗಳಾಗಿಲ್ಲ. ಒಳಗೆ ಏನೇನು ಇಟ್ಕೊಂಡಿದ್ಲೋ ಯಾರಿಗೆ ಗೊತ್ತು."

ಅಷ್ಟು ಹೇಳಿ ಅವಳು ಕೊನೆಗೆ ಕುಳಿತಳು. ಮಹಿಳಾ ಹೆಡ್ ಕಾನ್‌ಸ್ಟೇಬಲ್ ನೀರು ತಂದುಕೊಟ್ಟಳು. ಹತ್ತೂಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು. ಆರೋಪಿ ಎಂಬ ಪದದ ಮುಂದೆ ಸೊಸೆಯ ವಿವರ ಬಂತು. ಇನ್‌ಸ್ಪೆಕ್ಟರು ಸಹಿ ಮಾಡಿ ಟೋಪಿ ಎತ್ತಿಕೊಂಡರು.

ಕಾರ್ಖಾನೆ ಎಂದರೆ ಒಂದು ಉದ್ದನೆಯ ಶೆಡ್ಡು. ಮುಂಬಾಗಿಲಿನ ಆಚೆ ಅಂಗಳ, ಅಂಗಳದ ಮೂಲೆಯಲ್ಲಿ ಗ್ಯಾಸಿನ ಸಿಲಿಂಡರುಗಳು. ಶೆಡ್ಡಿನ ನಡುಮಧ್ಯೆ ಮೇಣ ಕರಗಿಸುವ ತೊಟ್ಟಿ, ಅದರ ಕೆಳಗೆ ಒಲೆ. ಆಚೀಚೆ ಅಚ್ಚಿನ ಮೇಜುಗಳು. ಎಲ್ಲಕ್ಕಿಂತ ಹಿಂದೆ ದಾರದ ಕೋಣೆ. ಬತ್ತಿಗೆ ಬೇಕಾದ ಹತ್ತಿ ದಾರವನ್ನು ಅಳೆದು ಕತ್ತರಿಸುವುದು ಅಲ್ಲಿ. ಸತ್ತವಳು ಆ ಕೆಲಸದಲ್ಲೇ ಮುದುಕಿಯಾದವಳು. ಎಲ್ಲರೂ ಅವಳನ್ನು ದಾರದಮ್ಮ ಎನ್ನುತ್ತಿದ್ದರು. ಆ ಕೋಣೆಯಿಂದ ಹಿಂದಿನ ಓಣಿಗೆ ಒಂದು ಕಬ್ಬಿಣದ ಬಾಗಿಲು. ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ ಬರೆದಿತ್ತು: ಬೆಂಕಿ ಬಿದ್ದಾಗ ಹೊರಹೋಗುವ ದಾರಿ.

ಈಗ ಶೆಡ್ಡಿನಲ್ಲಿ ಬಣ್ಣವೆಂಬುದು ಉಳಿದಿರಲಿಲ್ಲ. ಬೆಂಕಿ ಬಂದು ಹೋದ ಮನೆಯಲ್ಲಿ ಒಂದು ಮೌನವಿರುತ್ತದೆ. ದೊಡ್ಡವರು ಎದ್ದುಹೋದ ಮೇಲೆ ಕೋಣೆಯಲ್ಲಿ ಉಳಿಯುವ ಮೌನದಂಥದು. ರೈಟರ್ ಕೂಡ ಪಂಚರನ್ನು ಮೆಲುದನಿಯಲ್ಲೇ ಕರೆದ.

ಅಗ್ನಿಶಾಮಕ ದಳದ ಅಧಿಕಾರಿ ಮೊದಲೇ ಬಂದು ನಿಂತಿದ್ದ. ಸೊಟ್ಟಗಾದ ತೊಟ್ಟಿಯನ್ನು ತೋರಿಸಿದ.

"ಮೇಣ ಅತಿಯಾಗಿ ಕಾದಿದೆ ಸಾರ್. ಒಂದು ಹದ ದಾಟಿದ್ರೆ ಅದರ ಆವಿಗೇ ಬೆಂಕಿ ಹತ್ತುತ್ತೆ, ಕಡ್ಡಿ ಗೀರೋದೂ ಬೇಡ. ಹತ್ತಿದ ತಕ್ಷಣ ಮುಚ್ಚಳ ಮುಚ್ಚಿದ್ರೆ ಅಲ್ಲಿಗೇ ಮುಗೀತಿತ್ತು."

"ಮುಚ್ಚಳ ಎಲ್ಲಿದೆ?"

"ಅಂಗಳದಲ್ಲಿ. ಎರಡು ಇಟ್ಟಿಗೆ ಮೇಲಿಟ್ಟು ಟೀ ಲೋಟ ಜೋಡಿಸಿದ್ದಾರೆ. ಗೋಡೆ ಮೇಲೆ ನಂದಿಸೋ ಸಿಲಿಂಡರ್ ಎರಡಿದಾವೆ, ಮುಂದೆ ರಟ್ಟಿನ ಡಬ್ಬಿ ಒಟ್ಟಿಬಿಟ್ಟಿದ್ದಾರೆ. ಯಾರೋ ಪುಣ್ಯಾತ್ಮ ಓಡಿಬಂದು ಬಕೆಟ್ ನೀರು ಹುಯ್ದಿದ್ದಾನೆ. ಉರಿಯೋ ಮೇಣಕ್ಕೆ ನೀರು ಹುಯ್ದರೆ ಅದು ಮೇಲೆದ್ದು ಬೆಂಕಿಯ ಮಳೆ ಆಗುತ್ತೆ. ಅದೇ ಆಗಿದೆ. ಶೆಡ್ಡು ನಡುವೆ ಎರಡು ಪಾಲಾಯ್ತು. ಹಿಂದಿದ್ದೋರು ಮುಂದೆ ಬರೋ ಹಾಗಿಲ್ಲ."

"ಕಾವು ಮೀರಿದ್ರೆ ಗ್ಯಾಸ್ ತಾನಾಗೇ ನಿಲ್ಲಬೇಕಲ್ಲ?"

"ನಿಲ್ಲಿಸೋ ಯಂತ್ರ ಇದೆ. ಕೆಟ್ಟಿದೆ. ಯಜಮಾನರನ್ನ ಕೇಳಿದೆ. 'ರಿಪೇರಿಗೆ ಹೇಳಿದೀವಿ' ಅಂದ್ರು. ಯಾರಿಗೆ ಹೇಳಿದ್ರೋ."

ಇನ್‌ಸ್ಪೆಕ್ಟರು ದಾರದ ಕೋಣೆಗೆ ಹೋದರು. ದಾರದಮ್ಮ ಸಿಕ್ಕಿದ್ದು ಕಬ್ಬಿಣದ ಬಾಗಿಲಿನ ಬುಡದಲ್ಲಿ. ಉರಿ ಮುಟ್ಟುವ ಮೊದಲೇ ಹೊಗೆ ಕೊಂದಿತ್ತು.

"ಈ ಬಾಗಿಲು?"

"ನಾವು ಓಣಿ ಕಡೆಯಿಂದ ಎಳೆದ ಕೂಡಲೇ ಬಂತು. ಒಳಗಿನ ಚಿಲಕ ತೆಗೆದೇ ಇತ್ತು."

"ಮತ್ತೆ ಅವರು ಯಾಕೆ ತಳ್ಳಿಕೊಂಡು ಆಚೆ ಬರಲಿಲ್ಲ?"

"ಹೊಗೆ ಸಾರ್. ಎರಡು ಉಸಿರು ಸಾಕು. ಬಾಗಿಲವರೆಗೆ ಬಂದಿದ್ದೇ ಹೆಚ್ಚು."

ಉತ್ತರ ಸರಿಯಾಗಿಯೇ ಇತ್ತು. ಇನ್‌ಸ್ಪೆಕ್ಟರು ಓಣಿಗೆ ಇಳಿದು ಬಾಗಿಲ ಹೊರಮೈ ನೋಡಿದರು. ಸಂದುಗಳಿಂದ ನುಗ್ಗಿದ ಹೊಗೆ ಅಲ್ಲೂ ಮಸಿ ಬಳಿದಿತ್ತು. ಬಾಗಿಲಿನಡಿಯಿಂದ ಹರಿದುಬಂದ ಮೇಣ ಕಲ್ಲಿನ ಮೆಟ್ಟಿಲಿನ ತಗ್ಗಿನಲ್ಲಿ ನಿಂತು ದಪ್ಪಗೆ ಹೆಪ್ಪುಗಟ್ಟಿತ್ತು. ಅವರು ಅದರ ಮೇಲೆಯೇ ನಿಂತಿದ್ದರು. ರೈಟರ್ ಪಂಚನಾಮೆಯಲ್ಲಿ ಬರೆದುಕೊಂಡ: ಸದರಿ ಬಾಗಿಲಿಗೆ ಬೀಗ ಇರುವುದಿಲ್ಲ. ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ ಮೇಣ ಇರುತ್ತದೆ.

ಮಧ್ಯಾಹ್ನ ಇನ್‌ಸ್ಪೆಕ್ಟರು, ಹೆಡ್ ಕಾನ್‌ಸ್ಟೇಬಲ್ ಮತ್ತು ರೈಟರ್ ದಾರದಮ್ಮನ ಮನೆಗೆ ಹೋದರು. ಎದುರುಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಜೀಪು ನೋಡಿ ದನಿ ತಗ್ಗಿಸಲಿಲ್ಲ, ಬದಲಿಗೆ ಏರಿಸಿದರು.

"ಬಂದು ಮೂರು ತಿಂಗಳಿಗೇ ಅತ್ತೇನ ಮುಗಿಸಿದ್ಲು. ಮುಖ ನೋಡಿದ್ರೆ ಹಸು."

"ಏನಮ್ಮ, ನೀವು ನೋಡಿದ್ರಾ?" ಹೆಡ್ ಕಾನ್‌ಸ್ಟೇಬಲ್ ತಿರುಗಿ ಕೇಳಿದಳು. "ನೋಡಿದ್ರೆ ಬನ್ನಿ, ಸಾಕ್ಷಿ ಬರ್ಕೊಳ್ಳೋಣ."

ಇಬ್ಬರಿಗೂ ಒಳಗೆ ಒಲೆಯ ಮೇಲಿಟ್ಟದ್ದೇನೋ ನೆನಪಾಯಿತು.

ಸೊಸೆ ಅಡುಗೆಕೋಣೆಯ ಹೊಸ್ತಿಲ ಬಳಿ ಕುಳಿತಿದ್ದಳು. ಕಾರ್ಖಾನೆಯ ಏಪ್ರನ್ನು ಇನ್ನೂ ಮೈಮೇಲಿತ್ತು, ಬಿಚ್ಚಬೇಕೆಂದು ಯಾರೂ ಹೇಳಿರಲಿಲ್ಲ. ಗಂಡ ಲಾರಿ ಓಡಿಸುವವನು, ಗೋಡೆಗೊರಗಿ ನಿಂತಿದ್ದ. ಅವನು ಅವಳನ್ನು ನೋಡುತ್ತಿರಲಿಲ್ಲ. ನೋಡಿದರೆ ಯಾವುದೋ ಒಂದು ಪಕ್ಷಕ್ಕೆ ಸೇರಿಬಿಡುತ್ತೇನೆ ಎಂಬ ಭಯ ಇದ್ದಂತಿತ್ತು.

"ಉರಿ ಜಾಸ್ತಿ ಮಾಡಿದ್ದು ನೀನೇನಾ?"

"ಹೌದು ಸಾರ್."

ರೈಟರ್ ತಲೆಯೆತ್ತಿ ನೋಡಿದ.

"ಯಾಕೆ?"

"ಮೇಸ್ತ್ರಿ ಹೇಳಿದ್ರು."

"ಏನಂತ?"

"ಒಲೆ ನೋಡ್ಕೊಳ್ಳೋ ಅಜ್ಜ ನಿನ್ನೆ ರಜ. ಅದಕ್ಕೆ ನನ್ನ ಪ್ಯಾಕಿಂಗಿಂದ ಎಬ್ಬಿಸಿ ಅಲ್ಲಿ ಹಾಕಿದ್ರು. ಊಟದ ಗಂಟೆ ಹೊಡೀತು. ಮೇಸ್ತ್ರಿ ಬಾಗಿಲಲ್ಲಿ ನಿಂತು, 'ಏ ಹುಡುಗಿ, ಒಲೆ ದೊಡ್ಡದು ಮಾಡಿ ಬಾ' ಅಂದ್ರು. ಮಾಡ್ದೆ."

"ಎಷ್ಟು ಮಾಡ್ದೆ?"

"ತಿರುಪು ಎಷ್ಟು ತಿರುಗುತ್ತೋ ಅಷ್ಟು."

"ಊಟಕ್ಕೆ ಹೋಗುವಾಗ ಯಾರಾದ್ರೂ ಉರಿ ಏರಿಸ್ತಾರಾ? ಅನುಮಾನ ಬರಲಿಲ್ವಾ?"

"ಬಂತು ಸಾರ್. ಆದ್ರೆ ಅಲ್ಲಿ ಮೊದಲನೇ ದಿನ. ಕೇಳಿದ್ರೆ ಇಷ್ಟೂ ಗೊತ್ತಿಲ್ವಾ ಅಂತಾರೆ. ವಾಪಸ್ ಬರೋ ಹೊತ್ತಿಗೆ ಮೇಣ ಚೆನ್ನಾಗಿ ಕಾದಿರಲಿ ಅಂತೇನೋ ಅಂದ್ಕೊಂಡೆ."

"ನಿಮ್ಮತ್ತೆ?"

ಅವಳು ಏಪ್ರನ್ನಿನ ದಾರ ಬೆರಳಿಗೆ ಸುತ್ತಿದಳು. "ಊಟಕ್ಕೆ ಬನ್ನಿ ಅತ್ತೆ ಅಂದೆ. 'ಈ ದಾರದ ಉಂಡೆ ಮುಗಿಸಿ ಬರ್ತೀನಿ, ನೀನು ನಡಿ. ನನ್ನ ಡಬ್ಬಿಗೆ ಕೈ ಹಾಕೀಯ, ಜೋಕೆ' ಅಂದ್ರು. ಹಾಗೆ ಅಂತಾರೆ ಅಷ್ಟೆ. ಆಮೇಲೆ ಡಬ್ಬೀಲಿ ಇರೋದನ್ನೆಲ್ಲ ನನಗೇ ಹಾಕ್ತಿದ್ರು."

ಗಂಡ ಗೋಡೆ ಬಿಟ್ಟು ಹೊರಗೆ ಹೋದ.

ಮೇಸ್ತ್ರಿಯನ್ನು ನಾಲ್ಕು ಗಂಟೆಗೆ ಠಾಣೆಗೆ ಕರೆಸಿದರು. ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಬಟ್ಟೆ ಶುಭ್ರ. ಒಳಗೆ ಬರುವ ಮುನ್ನ ಚಪ್ಪಲಿ ಬಿಟ್ಟು ಬಂದ. ಬಲ ಅಂಗೈಗೆ ಪಟ್ಟಿ ಕಟ್ಟಿತ್ತು.

"ಕೈಗೇನಾಯ್ತು?"

"ಗ್ಯಾಸ್ ಮುಚ್ಚೋಕೆ ಹೋದಾಗ ಸುಟ್ಟಿತು."

"ಒಲೆ ವಿಷಯ ಹುಡುಗಿಗೆ ಏನು ಹೇಳಿದ್ರಿ?"

"ಹೇಳಬೇಕಾದ್ದು ಹೇಳಿದೆ. ಅವಳು ಉಲ್ಟಾ ಮಾಡಿದ್ಲು."

"ಹೇಳಬೇಕಾದ್ದು ಅಂದ್ರೆ?"

"ಊಟಕ್ಕೆ ಹೋಗೋ ಮುಂಚೆ ದಿನಾ ಹೇಳೋದು ಸಾರ್. ಒಲೆ ಕೆಲಸ ಮುಗಿಸು ಅಂತ."

"ಅವಳು ಹೇಳೋದೇ ಬೇರೆ. ದೊಡ್ಡದು ಮಾಡು ಅಂದ್ರಂತೆ."

ಮೇಸ್ತ್ರಿ ನೆಲ ನೋಡಿದ. "ನಲವತ್ತು ವರ್ಷದಿಂದ ಮೇಣದ ಪಕ್ಕ ನಿಂತಿದೀನಿ. ಉರಿ ಏರಿಸಿ ಊಟಕ್ಕೆ ಹೋಗು ಅಂತ ನಾನು ಹೇಳ್ತೀನಾ?"

ಅದು ಉತ್ತರವಲ್ಲ, ಪ್ರಶ್ನೆ. ಆದರೆ ಕೇಳುವವರಿಗೆ ಉತ್ತರದಂತೆಯೇ ಇತ್ತು. ರೈಟರ್ ಅದನ್ನು ಠಾಣೆಯ ಭಾಷೆಗೆ ಇಳಿಸಿದ: ಸದರಿ ಒಲೆಯನ್ನು ನಂದಿಸುವಂತೆ ನಾನು ಸ್ಪಷ್ಟವಾಗಿ ಸೂಚಿಸಿರುತ್ತೇನೆ. ಮೇಸ್ತ್ರಿ ಎಡಗೈಯಲ್ಲಿ ಸಹಿ ಹಾಕಿ ಹೋದ.

"ಏನನ್ಸುತ್ತೆ ಸಾರ್?" ರೈಟರ್ ಕೇಳಿದ.

"ಇಬ್ಬರಲ್ಲೊಬ್ಬರು ಸುಳ್ಳು."

"ಹುಡುಗೀನೇ ಇರಬೇಕು. ಮೇಸ್ತ್ರಿ ದೇವರಂಥೋರು ಅಂತ ಕಾರ್ಖಾನೆಯವರೆಲ್ಲ ಅಂತಾರೆ."

"ದೇವರಂಥವರು ಅಂದ್ಯಲ್ಲ," ಎಂದರು ಇನ್‌ಸ್ಪೆಕ್ಟರು. "ದೇವರನ್ನ ಯಾರೂ ಅಡ್ಡಪ್ರಶ್ನೆ ಕೇಳಲ್ಲ. ಅದೇ ತೊಂದರೆ."

ಗುರುವಾರ ಬೆಳಿಗ್ಗೆ ಬಂದವನು ಅಚ್ಚಿಗೆ ಮೇಣ ಹುಯ್ಯುವವನು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ, ಅದಕ್ಕೇ ಉದ್ದಣ್ಣ. ಬಕೆಟ್ ನೀರು ಹುಯ್ದ ಪುಣ್ಯಾತ್ಮ ಅವನೇ. ಅದನ್ನು ಕೇಳುವ ಮೊದಲೇ ಒಪ್ಪಿಕೊಂಡು ಕಣ್ಣೊರೆಸಿಕೊಂಡ.

"ಬೆಂಕಿಗೆ ನೀರು ಅಂತ ಚಿಕ್ಕಂದಿನಿಂದ ಕಲಿತಿದ್ದು ಸಾರ್. ಮೇಣದ ಬೆಂಕಿಗೆ ಬೇಡ ಅಂತ ಆವತ್ತು ಟ್ರೈನಿಂಗಲ್ಲಿ ಹೇಳಿದ್ರಂತೆ. ನಾನು ಹಿಂದಿನ ಬೆಂಚಲ್ಲಿ ತೂಕಡಿಸ್ತಿದ್ದೆ."

"ಆಯ್ತು. ಮೇಸ್ತ್ರಿ ಆ ಹುಡುಗಿಗೆ ಏನು ಹೇಳಿದ್ರು? ನಿನ್ನ ಕಿವೀಲಿ ಕೇಳಿದ್ದು ಹೇಳು."

"ಒಲೆ ದೊಡ್ಡದು ಮಾಡಿ ಬಾ ಅಂದ್ರು."

ರೈಟರನ ಪೆನ್ನು ನಿಂತಿತು. ಇನ್‌ಸ್ಪೆಕ್ಟರು ಮುಂದಕ್ಕೆ ಬಾಗಿದರು.

"ಖಂಡಿತ ಹಾಗೇ ಅಂದ್ರಾ?"

"ದಿನಾ ಹಾಗೇ ಅನ್ನೋದು. ಆದ್ರೆ ಅವಳು ಮಾಡಲಿಲ್ಲ."

"ಏನು ಮಾಡಲಿಲ್ಲ?"

"ದೊಡ್ಡದು ಮಾಡಲಿಲ್ಲ."

"ಏನಯ್ಯಾ ಹೇಳ್ತಿದ್ದೀಯ? ಉರಿ ಪೂರ್ತಿ ದೊಡ್ಡದಾಗಿತ್ತಲ್ಲ!" ರೈಟರ್ ರೇಗಿದ.

"ಅದೇ ಸಾರ್, ದೊಡ್ಡದು ಮಾಡಿದ್ದಿದ್ರೆ ಅದು ಯಾಕೆ ದೊಡ್ಡದಾಗ್ತಿತ್ತು?"

ರೈಟರ್ ಪೆನ್ನು ಕೆಳಗಿಟ್ಟ. "ಸಾರ್, ಇವನು ಕುಡಿದು ಬಂದಿದ್ದಾನೆ."

"ಇಲ್ಲಪ್ಪ, ಬರೀ ಟೀ," ಎಂದ ಉದ್ದಣ್ಣ ನೊಂದುಕೊಂಡು.

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೊದಲು ನಗು ಬಂದಿತ್ತು, ಕೈ ತೆಗೆದಾಗ ಅದಿರಲಿಲ್ಲ.

"ಸಾರ್, ನಮ್ಮಜ್ಜಿ ದೀಪಕ್ಕೆ ಹಾಗನ್ನೋಳು. ಆರಿಸು ಅನ್ನಬಾರದು, ಅಪಶಕುನ. ದೊಡ್ಡದು ಮಾಡು ಅನ್ನಬೇಕು. ಆರಿಸು ಅಂತಲೇ ಅದರ ಅರ್ಥ."

ಇನ್‌ಸ್ಪೆಕ್ಟರು ಕುರ್ಚಿಗೆ ಒರಗಿದರು. ಅವರ ಮನೆಯಲ್ಲೂ ಆ ಮಾತಿತ್ತು. ಮಲಗುವ ಮುನ್ನ ಅಜ್ಜಿ ಹೇಳುತ್ತಿದ್ದಳು, ಮಗು, ದೀಪ ದೊಡ್ಡದು ಮಾಡು. ಹುಡುಗ ಉಫ್ ಎಂದು ಊದುತ್ತಿದ್ದ. ಹೊರಡುವವರು ಹೋಗ್ತೀನಿ ಎನ್ನದೆ ಬರ್ತೀನಿ ಎನ್ನುವ ಹಾಗೆ, ಕತ್ತಲೆಯನ್ನು ಕರೆಯುವಾಗಲೂ ಬೆಳಕಿನ ಹೆಸರನ್ನೇ ಹಿಡಿದು ಕರೆಯುವ ಮಾತು. ಎಷ್ಟು ಸಲ ಕೇಳಿದ್ದರೂ ಠಾಣೆಯ ಕುರ್ಚಿಯಲ್ಲಿ ಕುಳಿತಾಗ ಅದು ನೆನಪಾಗಿರಲಿಲ್ಲ. ಮನೆಗೆ ಸ್ವಿಚ್ಚು ಬಂದ ಮೇಲೆ ಆ ಮಾತು ಮನೆಯಿಂದ ಹೊರಟುಹೋಗಿತ್ತು.

ಅವರು ಸೊಸೆಯ ಗಂಡನಿಗೆ ಫೋನ್ ಮಾಡಿದರು.

"ನಿಮ್ಮಮ್ಮ ಮನೇಲಿ ದೀಪ, ಒಲೆ ಆರಿಸೋದಕ್ಕೆ ಏನಂತಿದ್ರು?"

"ಏನಂತಾರೆ ಸಾರ್? ಆರಿಸು ಅಂತಿದ್ರು."

"ದೊಡ್ಡದು ಮಾಡು ಅಂತ?"

ಆ ಕಡೆ ಒಂದು ಉಸಿರು ಕೇಳಿಸಿತು. "ಅದು ಮೇಸ್ತ್ರಿ ಮಾತು. ಅಮ್ಮ ಅವರನ್ನ ಅದಕ್ಕೇ ಗೇಲಿ ಮಾಡ್ತಿದ್ರು. ಮೇಸ್ತ್ರಿ ಬಾಯಲ್ಲಿ ಆರಿಸು ಅನ್ನೋ ಮಾತು ಬಂದ್ರೆ ಭೂಮಿ ಬಾಯಿಬಿಡುತ್ತೆ ಅಂತ..." ಅವನು ಅಲ್ಲಿಗೆ ನಿಲ್ಲಿಸಿದ. ಮತ್ತೆ ಕೇಳಿದ, "ಸಾರ್, ಅವಳಿಗೆ ಇದು ಗೊತ್ತಿರಲಿಲ್ಲ. ಅವಳು ಹಾಸ್ಟೆಲಲ್ಲಿ ಬೆಳೆದೋಳು. ಅವಳಿಗೆ ಯಾರು ಹೇಳಿಕೊಟ್ಟಿರ್ತಾರೆ?"

"ಅವಳ ಪಕ್ಕದಲ್ಲಿ ಕೂತ್ಕೋ ಹೋಗಪ್ಪ," ಎಂದು ಇನ್‌ಸ್ಪೆಕ್ಟರು ಫೋನ್ ಇಟ್ಟರು.

ಪ್ರಕರಣ ಅಲ್ಲಿಗೆ ಮುಗಿದಂತಿತ್ತು. ಹೇಳಿದವರಲ್ಲಿ ಕೆಡುಕಿಲ್ಲ, ಕೇಳಿದವಳಲ್ಲಿ ಕೆಡುಕಿಲ್ಲ. ಆದರೂ ಒಂದು ವಿಷಯ ಇನ್‌ಸ್ಪೆಕ್ಟರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಆಸ್ಪತ್ರೆ ಬಾಗಿಲಲ್ಲಿ ದಾರದಮ್ಮನ ಮಗಳಿಗೆ ಹೇಳುವಾಗ, ತಾನು ಠಾಣೆಯಲ್ಲಿ ಕೇಳುವಾಗ, ಎರಡು ಸಲವೂ ಮೇಸ್ತ್ರಿಗೆ ಈ ಒಂದು ಮಾತು ಬಿಡಿಸಿ ಹೇಳುವುದು ಸುಲಭವಿತ್ತು. 'ನಾನು ಅಂದದ್ದು ಹೀಗೆ, ಅವಳು ತಿಳಿದದ್ದು ಹಾಗೆ' ಎಂದಿದ್ದರೆ ಎಲ್ಲರೂ ತಲೆದೂಗುತ್ತಿದ್ದರು. ಅವನು ಹೇಳಲಿಲ್ಲ. ಒಬ್ಬ ಹುಡುಗಿಯ ತಲೆ ಮೇಲೆ ಕೊಲೆ ಬೀಳುವುದನ್ನು ನೋಡುತ್ತ ನಿಂತ.

"ಉದ್ದಣ್ಣ, ಬೆಂಕಿ ಬಿದ್ದಾಗ ಗ್ಯಾಸ್ ಮುಚ್ಚಿದ್ದು ಯಾರು?"

"ನಾನೇ ಸಾರ್. ನೀರು ಹುಯ್ದು ಕೆಡಿಸಿದ ಮೇಲೆ ಓಡಿಹೋಗಿ ಅದೊಂದು ಮಾಡಿದೆ."

"ಸಿಲಿಂಡರ್ ಬಿಸಿ ಇತ್ತಾ?"

"ಅಂಗಳದ ಮೂಲೇಲಿ ಬಿಸಿ ಎಲ್ಲಿಂದ ಬರ್ಬೇಕು? ತಣ್ಣಗಿತ್ತು."

"ಮೇಸ್ತ್ರಿ ಎಲ್ಲಿದ್ರು ಆಗ?"

ಉದ್ದಣ್ಣ ಯೋಚಿಸಿದ. "ಊಟ ಬಿಟ್ಟು ಎದ್ದದ್ದು ಕಂಡೆ. ಆಮೇಲೆ ಕಾಣಲಿಲ್ಲ. ಅಗ್ನಿಶಾಮಕದವರು ಬಂದಾಗ ಓಣಿ ಕಡೆಯಿಂದ ಬಂದ್ರು."

ಮಧ್ಯಾಹ್ನ ಮರಣೋತ್ತರ ಪರೀಕ್ಷೆಯ ವೈದ್ಯರ ಫೋನು ಬಂತು. ಸಾವಿಗೆ ಕಾರಣ ಹೊಗೆ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡೂ ಅಂಗೈಯ ಬುಡ ಕಂದಿದೆ, ಬಲ ಭುಜದಲ್ಲೂ ಪೆಟ್ಟಿದೆ. ಗಟ್ಟಿಯಾದ ಯಾವುದನ್ನೋ ಬಡಿದ, ತಳ್ಳಿದ ಗುರುತು. ಒಂದೆರಡು ಸಲವಲ್ಲ, ಬಹಳ ಸಲ.

ಇನ್‌ಸ್ಪೆಕ್ಟರು ಎದ್ದರು. ಎಳೆದ ಕೂಡಲೇ ಬರುವ ಬಾಗಿಲನ್ನು ಯಾರೂ ಅಷ್ಟು ಬಡಿಯುವುದಿಲ್ಲ.

ಓಣಿಯಲ್ಲಿ ಮಧ್ಯಾಹ್ನದ ಬಿಸಿಲು ಬಾಗಿಲಿನ ಮೇಲೆ ನೇರವಾಗಿ ಬಿದ್ದಿತ್ತು. ನಿನ್ನೆ ಬರೀ ಮಸಿಯಾಗಿ ಕಂಡದ್ದು ಇಂದು ಹಾಗೆ ಕಾಣಲಿಲ್ಲ. ಹೊರಗಿನ ಕೊಂಡಿಯ ಕೆಳಗೆ, ಸುತ್ತಲೂ ಕಪ್ಪು, ನಡುವೆ ಅಂಗೈಯಗಲದ ಒಂದು ಜಾಗ ಮಾತ್ರ ಹಳೆಯ ಬೂದು ಬಣ್ಣದಲ್ಲೇ ಉಳಿದಿತ್ತು. ಕೆಳಭಾಗ ಚೌಕ, ಮೇಲೆ ಕಮಾನು. ಹೊಗೆ ಬರುವಾಗ ಅಲ್ಲಿ ಏನೋ ತೂಗುತ್ತಿತ್ತು. ಹೊಗೆ ನಿಂತ ಮೇಲೆ ಅದು ಇರಲಿಲ್ಲ.

"ಬೀಗ," ಎಂದಳು ಹೆಡ್ ಕಾನ್‌ಸ್ಟೇಬಲ್.

"ನಿನ್ನೆ ಬೀಗ ಇರುವುದಿಲ್ಲ ಅಂತ ಬರೆದೆ ಸಾರ್," ಎಂದ ರೈಟರ್, ಪೆಚ್ಚಾಗಿ.

"ಸರಿಯಾಗೇ ಬರೆದೆ. ನಿನ್ನೆ ಇರಲಿಲ್ಲ."

ಮೇಸ್ತ್ರಿಯನ್ನು ಅಲ್ಲಿಗೇ ಕರೆಸಿದರು. ಮೂರೂವರೆಗೆ ಅವನು ಓಣಿಯ ತುದಿಯಲ್ಲಿ ಕಾಣಿಸಿಕೊಂಡ. ಬಾಗಿಲು ಹತ್ತಿರವಾದಂತೆ ನಡಿಗೆ ಕಿರಿದಾಯಿತು.

"ಪಟ್ಟಿ ಬಿಚ್ಚಿ," ಎಂದರು ಇನ್‌ಸ್ಪೆಕ್ಟರು.

ಹೆಡ್ ಕಾನ್‌ಸ್ಟೇಬಲ್ ಬಿಚ್ಚಿದಳು. ಅಂಗೈಯ ನಡುವೆ ಚೌಕದ ಸುಟ್ಟಗಾಯ, ಬೆರಳ ಬುಡದಲ್ಲಿ ಕಮಾನಿನ ಗೆರೆ. ಇನ್‌ಸ್ಪೆಕ್ಟರು ಆ ಕೈಯನ್ನು ಹಿಡಿದು ಬಾಗಿಲ ಮೇಲಿನ ಗುರುತಿನ ಪಕ್ಕಕ್ಕೆ ತಂದರು. ಬಾಗಿಲಿಗೆ ತಾಗಿಸಲಿಲ್ಲ, ನೋವಾದೀತೆಂದು.

"ಗ್ಯಾಸ್ ಮುಚ್ಚಿದ್ದು ಉದ್ದಣ್ಣ. ಅಲ್ಲಿ ಬಿಸಿ ಇರಲಿಲ್ಲ. ಬೀಗ ಎಲ್ಲಿ?"

ಮೇಸ್ತ್ರಿ ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಇನ್‌ಸ್ಪೆಕ್ಟರ ಕಾಲ ಕಡೆ ನೋಡಿದ.

"ನೀವು ಅದರ ಮೇಲೆ ನಿಂತಿದೀರ ಸಾರ್."

ರೈಟರ್ ಉಳಿ ತರಿಸಿದ. ಪಂಚರ ಎದುರಿನಲ್ಲಿ ಮೆಟ್ಟಿಲ ಮೇಲಿನ ಮೇಣವನ್ನು ಒಡೆದರು. ಬೂದು ಬಣ್ಣದ ಗಡ್ಡೆಯೊಳಗಿಂದ ಬೀಗ ಬಂತು. ಕಮಾನು ತೆರೆದಿತ್ತು, ಕೀಲಿ ಅದರಲ್ಲೇ ಇತ್ತು.

"ನಾನು ಬಚ್ಚಿಡಲಿಲ್ಲ," ಎಂದ ಮೇಸ್ತ್ರಿ. "ದಾರದಮ್ಮ ಒಳಗಿದ್ದಾಳೆ ಅಂತ ನೆನಪಾಗಿ ಸುತ್ತಿಕೊಂಡು ಓಡಿಬಂದೆ. ಅಷ್ಟು ಹೊತ್ತಿಗೆ ಬಡಿಯೋ ಸದ್ದು ನಿಂತಿತ್ತು. ಬೀಗ ಕೆಂಡದ ಹಾಗಿತ್ತು. ತೆಗೆದೆ. ಕೈ ತಡೀಲಿಲ್ಲ, ಬಿತ್ತು. ಕೆಳಗೆ ಮೇಣ ಹರೀತಿತ್ತು, ನುಂಗಿಕೊಳ್ತು. ಬಾಗಿಲು ತೆರೆದು ನೋಡಿದೆ. ಅವಳು ಕಾಲ ಹತ್ರಾನೇ ಇದ್ಲು. ಮತ್ತೆ ಬಾಗಿಲು ಮುಂದೆ ಮಾಡ್ದೆ. ಮೇಣ ಹೆಪ್ಪುಗಟ್ಟಿತು. ನಾನೂ ಸುಮ್ಮನಾದೆ."

"ಬೀಗ ಹಾಕಿದ್ದು ಯಾರು?"

"ನಾನೇ."

"ಹಾಕಬಾರದು ಅಂತ ಗೊತ್ತಿತ್ತಾ?"

"ಆ ಹಸಿರು ಅಕ್ಷರ ನಾನೇ ಬರೆದದ್ದು ಸಾರ್."

ಸಂಜೆ ಐದೂಕಾಲಿಗೆ ಮೇಸ್ತ್ರಿಯ ಬಂಧನವಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮರೆಮಾಚಿದ್ದು, ಸುಳ್ಳು ಹೇಳಿಕೆ. ಕೆಟ್ಟ ಯಂತ್ರವನ್ನು ಹಾಗೇ ಓಡಿಸಿದ್ದಕ್ಕೆ ಯಜಮಾನರ ಹೆಸರು ಎರಡನೆಯದಾಗಿ ಸೇರಿತು. ಅವರು ವಕೀಲರೊಂದಿಗೆ ಬೆಳಿಗ್ಗೆ ಬರುವುದಾಗಿ ಹೇಳಿಕಳಿಸಿದರು. ಎಫ್‌ಐಆರ್‌ನಲ್ಲಿದ್ದ ಸೊಸೆಯ ಹೆಸರನ್ನು ಕೈಬಿಡುವಂತೆ ವರದಿ ಸಿದ್ಧವಾಯಿತು.

ಹೇಳಿಕೆ ಬರೆಯಲು ಕುಳಿತಾಗ ಇನ್‌ಸ್ಪೆಕ್ಟರು ರೈಟರನಿಗೆ ಹೇಳಿದರು, "ಈ ಸಲ ಸದರಿ ಗಿದರಿ ಬೇಡ. ಅವರ ಬಾಯಿಂದ ಬಂದ ಹಾಗೇ ಬರಿ."

ಮೇಸ್ತ್ರಿಗೆ ಒಬ್ಬ ಅಣ್ಣನಿದ್ದ. ಇಬ್ಬರೂ ಬೇರೊಂದು ಊರಿನ ಮೇಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿಯೂ ಒಂದು ಹಿಂಬಾಗಿಲು, ಸದಾ ತೆರೆದದ್ದು. ಯಾರೋ ಹೊಸ್ತಿಲಲ್ಲಿ ಕುಳಿತು ಸಿಗರೇಟು ಸೇದಿ, ತುಂಡನ್ನು ಒಳಗೆ ಚಿಮ್ಮಿ ಹೋದ. ಅದು ದಾರದ ರಾಶಿಗೆ ಬಿತ್ತು. ಅಣ್ಣನನ್ನು ಗುರುತಿಸಿದ್ದು ಬೆಲ್ಟಿನ ಕೊಂಡಿಯಿಂದ. ಅಂದಿನಿಂದ ತಮ್ಮ ಬೆಂಕಿಯನ್ನು ಹಗುರವಾಗಿ ಹೆಸರು ಹಿಡಿದು ಕರೆದವನಲ್ಲ. ತಾಯಿ ಕಲಿಸಿದ ಮಾತನ್ನು ಕಾರ್ಖಾನೆಗೂ ತಂದ. ಕೆಲಸದವರ ಜೇಬು ತಡಕುತ್ತಿದ್ದ, ಬೆಂಕಿಪೊಟ್ಟಣ ಸಿಕ್ಕರೆ ನೀರಿಗೆಸೆಯುತ್ತಿದ್ದ. ಎರಡು ತಿಂಗಳ ಹಿಂದೆ ಈ ಹಿಂಬಾಗಿಲ ಹೊಸ್ತಿಲಲ್ಲಿ ಒಂದು ಸಿಗರೇಟಿನ ತುಂಡು ಕಂಡಿತು. ಇನ್ನೂ ಬೆಚ್ಚಗಿತ್ತು. ಅಂದು ಸಂಜೆಯೇ ಹೋಗಿ ಬೀಗ ಕೊಂಡುತಂದ. ಬೆಂಕಿ ಒಳಗೆ ಬರದಿರಲೆಂದು ಹಾಕಿದ್ದು. ಒಳಗಿನವರ ಯೋಚನೆ ಬರಲಿಲ್ಲ.

"ಹುಡುಗಿ ಮೇಲೆ ಯಾಕೆ ಹಾಕಿದ್ರಿ?" ಇನ್‌ಸ್ಪೆಕ್ಟರು ಕೇಳಿದರು.

"ಹಾಕಲಿಲ್ಲ ಸಾರ್, ಬಿದ್ದಿತ್ತು. ಎತ್ತಲಿಲ್ಲ. ಮಾತಿನ ವಿಷಯ ಬಿಡಿಸಿ ಹೇಳಿದ್ರೆ, ಮುಂದೆ ಬಾಗಿಲಿನ ವಿಷಯ ಕೇಳ್ತೀರ. ನಿಮ್ಮ ವಿಚಾರಣೆ ಉರಿ ಹತ್ರಾನೇ ನಿಂತುಬಿಡಲಿ ಅಂತ ಇತ್ತು."

"ಅವಳಿಗೆ ಏನು ಹೇಳಬೇಕಿತ್ತು ನೀವು?"

ಮೇಸ್ತ್ರಿಯ ತುಟಿ ಅಲುಗಿತು. ದನಿ ಬರಲಿಲ್ಲ.

"ಒಲೆ," ಎಂದು ನಿಲ್ಲಿಸಿದ. ಕಣ್ಣು ಮುಚ್ಚಿಕೊಂಡ. "ಒಲೆ ಆರಿಸು ಅನ್ನಬೇಕಿತ್ತು."

ಭೂಮಿ ಬಾಯಿಬಿಡಲಿಲ್ಲ. ರೈಟರ್ ಬರೆದುಕೊಂಡ.

ಹೊರಗಿನ ಬೆಂಚಿನಲ್ಲಿ ದಾರದಮ್ಮನ ಮಗಳು, ಸೊಸೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತಿದ್ದರು. ಹೆಡ್ ಕಾನ್‌ಸ್ಟೇಬಲ್ ವಿಷಯವನ್ನು ಇಬ್ಬರಿಗೂ ಹೇಳಿದಳು.

"ಆ ಏಪ್ರನ್ ಬಿಚ್ಚು ಅತ್ತಿಗೆ," ಎಂದಳು ಮಗಳು. "ಹೊಗೆ ವಾಸನೆ." ಹಿಂದಿನ ಗಂಟು ಬಿಗಿಯಾಗಿತ್ತು. ಅವಳೇ ಎದ್ದು ಬಿಚ್ಚಿದಳು.

ಮೇಸ್ತ್ರಿಯನ್ನು ಲಾಕಪ್ಪಿಗೆ ಕರೆದೊಯ್ದಾಗ ಅವನು ಬಾಗಿಲ ಬಳಿ ನಿಂತು ಕಂಬಿಗಳನ್ನು, ಕೊಂಡಿಯನ್ನು, ಅದರಲ್ಲಿ ತೂಗುತ್ತಿದ್ದ ಬೀಗವನ್ನು ನೋಡಿದ. ಒಳಗೆ ಹೋದ. ಹೆಡ್ ಕಾನ್‌ಸ್ಟೇಬಲ್ ಬೀಗ ಹಾಕಿದಳು.

"ಕೀಲಿ ಯಾರ ಹತ್ರ ಇರುತ್ತಮ್ಮ?"

"ನನ್ನ ಹತ್ರ. ಇಲ್ಲೇ ಕೂತಿರ್ತೀನಿ."

ಅವನು ತಲೆಯಾಡಿಸಿ ಗೋಡೆಗೊರಗಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಂಬಿಯ ಬಳಿ ಬಂದ.

"ಎದ್ದು ಹೋಗೋದಾದ್ರೆ ಹೇಳಿ ಹೋಗಮ್ಮ."

"ಹೇಳ್ತೀನಿ," ಎಂದು ಅವಳು ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.